ಕೂಫಾದ ದೂರು, ಶ್ರೀರಂಗಪಟ್ಟಣದ ಚಾಟಿ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಗೆ ಸೇರಿದ ಒಂದು ಹಳ್ಳಿ. ವಾಣಿವಿಲಾಸ ಸಾಗರವು 89 ವರ್ಷಗಳ ನಂತರ ಕೋಡಿ ಬಿದ್ದ 2022ರ ಮಳೆಗಾಲವು ಆಗಷ್ಟೇ ಮುಗಿದಿತ್ತು. ಬಂಧುಗಳ ಮನೆಯ ನಿಕಾಹ್‌ಗೆಂದು ಹೋಗಿದ್ದ ನಮ್ಮನ್ನು ಅಲ್ಲಿನ ಹಿರಿಯರು ಇಶಾ ನಮಾಝಿನ ನಂತರ ಮಸೀದಿಯಲ್ಲಿಯೇ ಉಳಿಸಿಕೊಂಡರು. ಜಮಾಅತ್‌ನ ಸಭೆಯಿದೆ, ಹೊರಗಿನವರು ಕುಳಿತಿದ್ದರೆ ಮಾತು ಹದದಲ್ಲಿರುತ್ತದೆ ಎಂಬುದು ಅವರ ಲೆಕ್ಕಾಚಾರ. ಸಭೆಯ ಮುಂದಿದ್ದ ವಿಷಯ ಒಂದೇ: ಪೇಶ್ ಇಮಾಮರನ್ನು ಕೆಲಸದಿಂದ ತೆಗೆಯುವುದು.

ದೂರುಗಳಿಗೆ ಕೊರತೆಯಿರಲಿಲ್ಲ. ಎರಡು ವರ್ಷವಾದರೂ ಮದ್ರಸದ ಮಕ್ಕಳಲ್ಲಿ ಹೆಚ್ಚಿನವರು ಕುರ್‌ಆನ್ ನೋಡಿ ಓದುವುದನ್ನು ಮುಗಿಸಿಲ್ಲ. ಫಜ್ರ್ ನಮಾಝಿಗೆ ಇಮಾಮರನ್ನು ಬಾಗಿಲು ಬಡಿದು ಎಬ್ಬಿಸಬೇಕಾಗುತ್ತದೆ. ಜುಮಾದ ಪ್ರವಚನವು ಒಂದೇ ರೀತಿಯದು. ಹೀಗೆ ಶುರುವಾದ ಮಾತು ನಿಧಾನವಾಗಿ ದಿಕ್ಕು ಬದಲಿಸಿತು. ಕೆಲಸ ಮಾಡದೆ ತಿನ್ನುವ ಸಂಬಳ ಯಾವ ಲೆಕ್ಕದ್ದು ಎಂದು ಒಬ್ಬರು ಕೇಳಿದರು. ಚಂದಾ ಪೆಟ್ಟಿಗೆಯ ಹಣವನ್ನು ಯಾರಾದರೂ ಸರಿಯಾಗಿ ಎಣಿಸಿ ನೋಡಿದ್ದೀರಾ ಎಂದು ಹಿಂದೆ ಕುಳಿತಿದ್ದ ಯುವಕನೊಬ್ಬ ದನಿ ಎತ್ತಿದ. ಅರ್ಧ ಗಂಟೆಯೊಳಗೆ, ಮಕ್ಕಳಿಗೆ ಪಾಠ ಹೇಳಲು ಬಾರದ ಮನುಷ್ಯರೊಬ್ಬರು ಕಳ್ಳರಾಗುವ ಅಂಚಿಗೆ ಬಂದು ನಿಂತಿದ್ದರು. ಅವರು ಆ ಸಭೆಯಲ್ಲಿರಲಿಲ್ಲ. ಮಸೀದಿಯ ಪಕ್ಕದ ಕೋಣೆಯಲ್ಲಿ ಅವರ ದೀಪ ಉರಿಯುತ್ತಿರುವುದು ಕಿಟಕಿಯಿಂದ ಕಾಣುತ್ತಿತ್ತು.

ಮುತವಲ್ಲಿ ಸಾಹೇಬರು ನಮ್ಮತ್ತ ತಿರುಗಿ, ನೀವೂ ಒಂದು ಮಾತು ಹೇಳಿ ಎಂದರು. ಹಜ್ರತರನ್ನು ಯಾರಾದರೂ ಕೇಳಿದಿರಾ ಎಂದಷ್ಟೇ ನಾವು ಕೇಳಿದೆವು. ಉತ್ತರ ಬರಲಿಲ್ಲ. ಆಗ ನಮಗೆ ಕೂಫಾ ನಗರದ ಪ್ರಸಂಗ ನೆನಪಾಯಿತು. ಅಂದು ಅವಸರದಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ. ಅಂಗಡಿಯಲ್ಲಿ ಇಬ್ಬರು ಆಳುಗಳನ್ನು ಇಟ್ಟುಕೊಂಡವರಿಗೂ, ಕಾರ್ಖಾನೆಯಲ್ಲಿ ಇನ್ನೂರು ಜನರ ಮೇಲ್ವಿಚಾರಣೆ ನಡೆಸುವವರಿಗೂ, ಶಾಲೆಯ ಆಡಳಿತ ಮಂಡಳಿಯಲ್ಲಿರುವವರಿಗೂ ಇದು ಸಂಬಂಧಿಸಿದ ವಿಷಯವೇ ಆಗಿದೆ.

ಕೂಫಾ ನಗರವನ್ನು ಹಿಜರಿ 17ರಲ್ಲಿ, ಅಂದರೆ ಕ್ರಿ.ಶ. 638ರ ಸುಮಾರಿಗೆ ನೆಲೆಗೊಳಿಸಿದವರು ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ). ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿ ಸಹಾಬಿಗಳಲ್ಲಿ ಅವರೊಬ್ಬರು. ಖಾದಿಸಿಯ್ಯಾದ ಯುದ್ಧದಲ್ಲಿ ಸೇನೆಯ ನಾಯಕತ್ವ ವಹಿಸಿದವರು. ಅಂಥವರ ವಿರುದ್ಧ ಕೆಲವೇ ವರ್ಷಗಳಲ್ಲಿ ಮದೀನಾಕ್ಕೆ ದೂರು ಹೋಯಿತು. ಹಂಚಿಕೆ ಸರಿಯಿಲ್ಲ, ತೀರ್ಪು ಸರಿಯಿಲ್ಲ, ದಂಡಯಾತ್ರೆಗೆ ಹೋಗುವುದಿಲ್ಲ ಎಂಬವು ಕೆಲವು. ಅವರು ಸರಿಯಾಗಿ ನಮಾಝ್ ಮಾಡಿಸುವುದಿಲ್ಲ ಎಂಬುದು ಇನ್ನೊಂದು. ಪ್ರವಾದಿ(ಸ)ರವರ ಹಿಂದೆ ನಿಂತು ನಮಾಝ್ ಕಲಿತವರ ಬಗ್ಗೆ ಈ ಮಾತು! ದೂರು ಎಂಬುದು ಒಮ್ಮೆ ಹೊರಟರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನಮಗೆ ಬೇಡ.

ದೂರು ಬಂದ ಸಮಯವೂ ಕೆಟ್ಟದ್ದಾಗಿತ್ತು. ಪಾರಸಿಕ ಸೇನೆಗಳು ನಹಾವಂದ್‌ನಲ್ಲಿ ಒಟ್ಟುಗೂಡುತ್ತಿದ್ದವು. ಇಂಥ ಹೊತ್ತಿನಲ್ಲಿ ನೀವು ದೂರು ತಂದಿರುವುದೇ ನಿಮ್ಮ ಉದ್ದೇಶವನ್ನು ಸಂಶಯಕ್ಕೆ ಒಡ್ಡುತ್ತದೆ, ಆದರೂ ವಿಚಾರಿಸದೆ ಬಿಡುವುದಿಲ್ಲ ಎಂಬ ಅರ್ಥದ ಮಾತನ್ನು ಖಲೀಫ ಉಮರ್(ರ) ದೂರುದಾರರಿಗೆ ಹೇಳಿದರೆಂದು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ಇದರಲ್ಲಿ ಎರಡು ವಿಷಯಗಳಿವೆ. ದೂರುದಾರನ ಮನಸ್ಸು ಶುದ್ಧವಿಲ್ಲವೆಂದು ತಿಳಿದ ಮಾತ್ರಕ್ಕೆ ದೂರನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ದೂರು ಬಂದ ಮಾತ್ರಕ್ಕೆ ಅದನ್ನು ನಂಬಲೂ ಇಲ್ಲ. ನಮ್ಮ ಸಂಸ್ಥೆಗಳಲ್ಲಿ ಹೆಚ್ಚಾಗಿ ಈ ಎರಡರಲ್ಲಿ ಒಂದು ನಡೆದುಹೋಗುತ್ತದೆ. ನೌಕರನು ಮಾಲೀಕನ ಕಡೆಯವನಾದರೆ ಮೊದಲನೆಯದು, ಬಡವನಾದರೆ ಎರಡನೆಯದು.

ವಿಚಾರಣೆಗೆ ನೇಮಕಗೊಂಡವರು ಮುಹಮ್ಮದ್ ಬಿನ್ ಮಸ್ಲಮಾ(ರ). ಅಧಿಕಾರಿಗಳ ಮೇಲಿನ ದೂರುಗಳನ್ನು ಸ್ಥಳಕ್ಕೆ ಹೋಗಿ ಪರೀಕ್ಷಿಸುವ ಕೆಲಸಕ್ಕೆ ಉಮರ್(ರ) ಅವರನ್ನೇ ಕಳುಹಿಸುತ್ತಿದ್ದರು. ಅವರು ಕೂಫಾದಲ್ಲಿ ಸಅದ್(ರ)ರನ್ನು ಜೊತೆಯಲ್ಲಿಯೇ ಕರೆದುಕೊಂಡು ಮಸೀದಿಯಿಂದ ಮಸೀದಿಗೆ ನಡೆದರು. ಪ್ರತಿಯೊಂದು ಮಸೀದಿಯಲ್ಲೂ ಎಲ್ಲರ ಎದುರಿಗೆ ಕೇಳಿದರು. ಗುಟ್ಟಾಗಿ ಕೇಳಲಿಲ್ಲ, ಗುಟ್ಟಾಗಿ ವಿಚಾರಿಸುವುದು ಆ ಕಾಲದ ರೀತಿಯಾಗಿರಲಿಲ್ಲ ಎಂದು ತಬರಿಯ ವರದಿಯು ಒತ್ತಿ ಹೇಳುತ್ತದೆ. ಯಾರ ಬಗ್ಗೆ ಮಾತೋ ಅವರು ಎದುರಿಗೆ ನಿಂತಿರುವಾಗ ಜನರು ತೂಕದ ಮಾತನ್ನು ಆಡುತ್ತಾರೆ. ಎಲ್ಲ ಮಸೀದಿಗಳಲ್ಲೂ ಹೊಗಳಿಕೆಯೇ ಬಂತು. ಬನೂ ಅಬ್ಸ್ ಗೋತ್ರದ ಮಸೀದಿಯಲ್ಲಿ ಮಾತ್ರ ಒಬ್ಬನು ಎದ್ದು ನಿಂತು ಆರೋಪಗಳನ್ನು ಪುನರುಚ್ಚರಿಸಿದನು.

ಸಹೀಹ್ ಬುಖಾರಿಯ ವರದಿಯ ಪ್ರಕಾರ ಉಮರ್(ರ) ಸಅದ್(ರ)ರನ್ನೂ ನೇರವಾಗಿ ಕೇಳಿದರು. ಅದೂ ಅವರನ್ನು ಪ್ರೀತಿಯ ಅಡ್ಡಹೆಸರಿನಿಂದ, ಅಬೂ ಇಸ್‌ಹಾಕ್ ಎಂದು ಕರೆದು, ಜನರು ನಿಮ್ಮ ನಮಾಝಿನ ಬಗ್ಗೆ ಹೀಗೆನ್ನುತ್ತಾರೆ ಎಂದರು. ಸಅದ್(ರ) ಸಿಟ್ಟಾಗದೆ, ತಾವು ಇಶಾ ನಮಾಝಿನ ಮೊದಲ ಎರಡು ರಕಅತ್‌ಗಳನ್ನು ದೀರ್ಘವಾಗಿಯೂ ಕೊನೆಯ ಎರಡನ್ನು ಹಗುರವಾಗಿಯೂ ಮಾಡಿಸುವುದನ್ನು, ಅದು ಪ್ರವಾದಿ(ಸ)ರವರ ಕ್ರಮವೇ ಆಗಿರುವುದನ್ನು ವಿವರಿಸಿದರು. ನಿಮ್ಮ ಬಗ್ಗೆ ನಾನು ಭಾವಿಸಿದ್ದೂ ಅದನ್ನೇ ಎಂದರು ಉಮರ್(ರ). ಆರೋಪವನ್ನು ಹೊತ್ತವರ ಮುಂದೆ ತಮ್ಮ ಒಳ್ಳೆಯ ಅಭಿಪ್ರಾಯವನ್ನು ಬಾಯಿಬಿಟ್ಟು ಹೇಳುವ ಮೇಲಧಿಕಾರಿಗಳು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಇಷ್ಟಾದ ಮೇಲೂ ಸಅದ್(ರ)ರನ್ನು ಕೂಫಾದ ಹುದ್ದೆಯಿಂದ ಬಿಡಿಸಲಾಯಿತು. ಇಲ್ಲಿ ಓದುಗರು ಸ್ವಲ್ಪ ನಿಲ್ಲಬೇಕು. ತಪ್ಪಿಲ್ಲದವರನ್ನು ತೆಗೆದದ್ದು ಅನ್ಯಾಯವಲ್ಲವೇ ಎಂಬ ಪ್ರಶ್ನೆ ಸಹಜ. ಯುದ್ಧದ ಹೊಸ್ತಿಲಲ್ಲಿ ಒಂದು ನಗರವು ಎರಡಾಗಿ ಒಡೆದಿದ್ದರೆ, ಆ ಹುದ್ದೆಯಲ್ಲಿ ಯಾರೇ ಇದ್ದರೂ ಕೆಲಸ ನಡೆಯದು. ಹುದ್ದೆಯು ನಾಯಕನ ಆಸ್ತಿಯಲ್ಲ, ಜನರ ಅಗತ್ಯ ಎಂಬುದನ್ನು ಉಮರ್(ರ) ಕಂಡರು. ಆದರೆ ಹಾಗೆ ತೆಗೆದವರ ಮಾನವನ್ನು ಅವರು ಮರೆಯಲಿಲ್ಲ. ಹಿಜರಿ 23ರಲ್ಲಿ, ಅಂದರೆ ಕ್ರಿ.ಶ. 644ರಲ್ಲಿ, ಇರಿತಕ್ಕೆ ಒಳಗಾಗಿ ಮರಣಶಯ್ಯೆಯಲ್ಲಿದ್ದಾಗ ಮುಂದಿನ ಖಲೀಫರ ಆಯ್ಕೆಗೆ ಆರು ಮಂದಿಯ ಸಮಿತಿಯನ್ನು ನೇಮಿಸಿದರಷ್ಟೇ. ಆ ಆರರಲ್ಲಿ ಸಅದ್(ರ) ಒಬ್ಬರು. ಅವರು ಆಯ್ಕೆಯಾದರೆ ಸರಿ, ಆಗದಿದ್ದರೆ ಆಯ್ಕೆಯಾದವರು ಅವರ ನೆರವು ಪಡೆಯಲಿ, ಏಕೆಂದರೆ ನಾನು ಅವರನ್ನು ತೆಗೆದದ್ದು ಅಸಮರ್ಥತೆಗಾಗಿಯೂ ಅಲ್ಲ, ವಂಚನೆಗಾಗಿಯೂ ಅಲ್ಲ ಎಂಬ ಆಶಯವನ್ನು ಅವರು ವ್ಯಕ್ತಪಡಿಸಿದರು. ಪ್ರಾಣ ಹೋಗುವ ಹೊತ್ತಿನಲ್ಲಿ, ಹಿಂದೆ ಕೆಲಸದಿಂದ ಬಿಡಿಸಿದ ಒಬ್ಬರ ಹೆಸರನ್ನು ತೊಳೆದು ಶುಭ್ರಗೊಳಿಸಿ ಹೋದರು. ಮುಂದೆ ಖಲೀಫ ಉಸ್ಮಾನ್(ರ) ಸಅದ್(ರ)ರನ್ನು ಮತ್ತೆ ಕೂಫಾಕ್ಕೆ ನೇಮಿಸಿದರು.

ಅಸಮರ್ಥತೆ ಮತ್ತು ವಂಚನೆ. ಈ ಎರಡು ಪದಗಳನ್ನು ಉಮರ್(ರ) ಬೇರೆಬೇರೆಯಾಗಿ ಎತ್ತಿದರೆಂಬುದೇ ಇಡೀ ಪ್ರಸಂಗದ ತಿರುಳು. ಪವಿತ್ರ ಕುರ್‌ಆನಿನ ಅಲ್ ಖಸಸ್ ಅಧ್ಯಾಯದಲ್ಲಿ ಮದ್‌ಯನ್‌ನ ಹಿರಿಯರ ಮಗಳು, ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ತಂದೆಗೆ ಸೂಚಿಸುತ್ತಾ, ಕೆಲಸದವನಲ್ಲಿ ಇರಬೇಕಾದ ಎರಡು ಗುಣಗಳನ್ನು ಹೆಸರಿಸುತ್ತಾಳೆ: ಶಕ್ತಿ ಮತ್ತು ಪ್ರಾಮಾಣಿಕತೆ. ಗುಣಗಳು ಎರಡಾದರೆ ಕೊರತೆಗಳೂ ಎರಡು. ಕೈಲಾಗದವನು ಬೇರೆ, ಕೈ ಶುದ್ಧವಿಲ್ಲದವನು ಬೇರೆ. ಮೊದಲನೆಯವನಿಗೆ ಬೇಕಾದುದು ತರಬೇತಿ, ನೆರವು, ಇಲ್ಲವೇ ಬೇರೆ ಕೆಲಸ. ಎರಡನೆಯವನಿಗೆ ಬೇಕಾದುದು ವಿಚಾರಣೆ. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ನಮ್ಮ ದೊಡ್ಡ ರೋಗ. ಅಂದಿನ ಸಭೆಯಲ್ಲಿ ನಡೆಯುತ್ತಿದ್ದದ್ದು ಅದೇ ಆಗಿತ್ತು.

ಪ್ರವಾದಿ ಮುಹಮ್ಮದ್(ಸ)ರವರ ಜೀವನದಲ್ಲಿ ಈ ಎರಡೂ ಬಗೆಯ ಸಂದರ್ಭಗಳು ಬಂದಿವೆ. ಅಬೂ ಝರ್(ರ) ತಮಗೊಂದು ಅಧಿಕಾರದ ಹುದ್ದೆ ಕೊಡಬಾರದೇ ಎಂದು ಕೇಳಿದಾಗ ಪ್ರವಾದಿ(ಸ) ಅವರ ಭುಜ ತಟ್ಟಿ, ನೀವು ದುರ್ಬಲರು, ಅದು ಅಮಾನತ್ತಿನ ಹೊರೆ ಎಂದು ತಿಳಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅಬೂ ಝರ್(ರ)ರ ಸತ್ಯಸಂಧತೆಯ ಬಗ್ಗೆ ಯಾರಿಗೂ ಎರಡು ಮಾತಿರಲಿಲ್ಲ. ಆದರೂ ಆ ಕೆಲಸಕ್ಕೆ ಅವರು ಹೊಂದುವುದಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ, ಮುಖಾಮುಖಿ, ಭುಜದ ಮೇಲೆ ಕೈಯಿಟ್ಟು ಹೇಳಲಾಯಿತು. ಝಕಾತ್ ಸಂಗ್ರಹಕ್ಕೆ ಹೋದವರೊಬ್ಬರು ತಮಗೆ ಬಂದ ಉಡುಗೊರೆಗಳನ್ನು ಬೇರೆ ಇಟ್ಟುಕೊಂಡಾಗಲಾದರೋ ಧಾಟಿ ಬೇರೆಯಾಯಿತು. ಪ್ರವಾದಿ(ಸ) ಮಿಂಬರ್ ಏರಿ, ತಂದೆತಾಯಿಯ ಮನೆಯಲ್ಲಿ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂದು ಕಠಿಣವಾಗಿಯೇ ಪ್ರಶ್ನಿಸಿದರು. ಆಗಲೂ ನಾವು ಕಳುಹಿಸಿದ ಒಬ್ಬರು ಎಂದರೇ ಹೊರತು, ಮಿಂಬರಿನಿಂದ ಹೆಸರು ಹೇಳಿ ಹೀನಾಯಗೊಳಿಸಲಿಲ್ಲ.

ಇನ್ನು ಅನಸ್(ರ). ಹತ್ತು ವರ್ಷ ಪ್ರವಾದಿ(ಸ)ರವರ ಮನೆಯಲ್ಲಿ ಸೇವೆ ಮಾಡಿದ ಹುಡುಗ. ಏಕೆ ಹೀಗೆ ಮಾಡಿದೆ, ಏಕೆ ಮಾಡಲಿಲ್ಲ ಎಂಬ ಗದರಿಕೆಯನ್ನು ಒಮ್ಮೆಯೂ ಕೇಳಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಒಮ್ಮೆ ಕೆಲಸಕ್ಕೆ ಕಳುಹಿಸಿದಾಗ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ನೋಡುತ್ತಾ ನಿಂತುಬಿಟ್ಟರು. ಹಿಂದಿನಿಂದ ಯಾರೋ ಕತ್ತು ಹಿಡಿದಂತಾಗಿ ತಿರುಗಿದರೆ ಪ್ರವಾದಿ(ಸ) ನಗುತ್ತಿದ್ದಾರೆ. ಪುಟ್ಟ ಅನಸ್ ಎಂಬರ್ಥದ ಮುದ್ದಿನ ಹೆಸರಿನಿಂದ ಕರೆದು, ಹೇಳಿದ ಕಡೆಗೆ ಹೋದೆಯಾ ಎಂದು ಕೇಳುತ್ತಿದ್ದಾರೆ. ಇಗೋ ಹೊರಟೆ ಎಂದರು ಅನಸ್(ರ). ಇಲ್ಲಿ ಕೆಲಸವನ್ನು ಬಿಟ್ಟುಕೊಡಲಾಗಿಲ್ಲ ಎಂಬುದನ್ನು ಗಮನಿಸಬೇಕು. ನಗು ಇತ್ತು, ಜೊತೆಗೆ ನೆನಪಿಸುವಿಕೆಯೂ ಇತ್ತು. ಕರುಣೆಯೆಂದರೆ ಕೆಲಸ ಕೆಟ್ಟರೂ ಸುಮ್ಮನಿರುವುದೆಂದು ತಿಳಿದವರು ಈ ಪ್ರಸಂಗವನ್ನು ಇನ್ನೊಮ್ಮೆ ಓದಲಿ.

ಕೂಫಾದಲ್ಲಿ ಸಅದ್(ರ)ರ ನಂತರ ಬಂದವರು ಅಮ್ಮಾರ್ ಬಿನ್ ಯಾಸಿರ್(ರ). ಅವರ ಮೇಲೂ ದೂರು ಬಂತು. ಇವರಿಗೆ ಆಡಳಿತದ ಕುಶಲತೆಯಿಲ್ಲ ಎಂದು. ಅವರನ್ನೂ ಬಿಡಿಸಲಾಯಿತು. ಬೇಸರವಾಯಿತೇ ಎಂದು ಉಮರ್(ರ) ಕೇಳಿದಾಗ, ನೇಮಿಸಿದಾಗ ಸಂತೋಷವಾಗಿರಲಿಲ್ಲ, ತೆಗೆದಾಗ ಮಾತ್ರ ನೋವಾಯಿತು ಎಂಬ ಅರ್ಥದ ಉತ್ತರವನ್ನು ಅಮ್ಮಾರ್(ರ) ಕೊಟ್ಟರಂತೆ. ಕೆಲಸ ಕಳೆದುಕೊಂಡ ಮನುಷ್ಯನ ಬಾಯಿಂದ ಬಂದ ಇಷ್ಟು ಸರಳವಾದ ಸತ್ಯವನ್ನು ನಾವು ಬೇರೆಲ್ಲೂ ಓದಿದ ನೆನಪಿಲ್ಲ. ಧರ್ಮನಿಷ್ಠನನ್ನು ನೇಮಿಸಿದರೆ ದುರ್ಬಲನೆನ್ನುತ್ತಾರೆ, ಬಲಶಾಲಿಯನ್ನು ನೇಮಿಸಿದರೆ ಪಾಪಿಯೆನ್ನುತ್ತಾರೆ ಎಂದು ಉಮರ್(ರ) ಕೂಫಾದವರ ಬಗ್ಗೆ ನಿಟ್ಟುಸಿರು ಬಿಟ್ಟದ್ದೂ ಪ್ರಸಿದ್ಧವಾಗಿದೆ. ಏಳು ಶತಮಾನಗಳ ನಂತರ ಇಮಾಮ್ ಇಬ್ನು ತೈಮಿಯ್ಯಾ ಆಡಳಿತದ ಕುರಿತು ಬರೆಯುತ್ತಾ, ಶಕ್ತಿ ಮತ್ತು ಪ್ರಾಮಾಣಿಕತೆಗಳು ಒಬ್ಬನಲ್ಲಿಯೇ ಕೂಡಿ ಬರುವುದು ವಿರಳ, ಆದುದರಿಂದ ಯಾವ ಹುದ್ದೆಗೆ ಯಾವುದು ಹೆಚ್ಚು ಅಗತ್ಯವೋ ಅದನ್ನು ನೋಡಬೇಕು ಎಂದು ತೀರ್ಮಾನಿಸಿದರು. ಸೇನೆಗೆ ಒಂದು ಬಗೆಯ ಮನುಷ್ಯ, ಖಜಾನೆಗೆ ಇನ್ನೊಂದು ಬಗೆ.

ಇನ್ನು ನಮ್ಮ ನಾಡಿಗೆ ಬರೋಣ. ಮುಸ್ಲಿಮ್ ಆಡಳಿತಗಾರರೆಲ್ಲರೂ ಉಮರ್(ರ)ರ ದಾರಿಯಲ್ಲಿ ನಡೆದರೆಂದು ಬರೆದರೆ ಓದುಗರಿಗೆ ಹಿತವಾಗಬಹುದು, ಆದರೆ ಅದು ಇತಿಹಾಸವಾಗದು. ಚಿತ್ರದುರ್ಗದ ಕೋಟೆಯು ಮದಕರಿ ನಾಯಕರ ಕೈಯಿಂದ ಹೈದರ್ ಅಲಿಯ ವಶವಾದದ್ದು 1779ರಲ್ಲಿ. ಮಾಡದಕೆರೆಯ ಸುತ್ತಿನ ಈ ಸೀಮೆಯ ಹಿರಿಯರಿಗೆ ಆ ವರ್ಷದ ನೆನಪು ಇಂದಿಗೂ ಹಸಿಯಾಗಿದೆ. ಅದೇ 1779ರಲ್ಲಿ ಶ್ವಾರ್ಟ್ಸ್ ಎಂಬ ಜರ್ಮನ್ ಪಾದ್ರಿಯೊಬ್ಬರು ಮದರಾಸಿನ ಇಂಗ್ಲಿಷ್ ಸರ್ಕಾರದ ಪರವಾಗಿ ಶ್ರೀರಂಗಪಟ್ಟಣಕ್ಕೆ ಬಂದು ಹೈದರನನ್ನು ಕಂಡರು. ಅವರ ಬರವಣಿಗೆಯಲ್ಲಿ ಹೈದರನ ಬಗ್ಗೆ ಮೆಚ್ಚುಗೆಯೂ ಇದೆ. ಯಾರ ಧರ್ಮಕ್ಕೂ ಆತ ಅಡ್ಡಬರುವುದಿಲ್ಲ. ಓದುಬರಹ ಬಾರದಿದ್ದರೂ ಪತ್ರಗಳನ್ನು ಓದಿಸಿ ಕೇಳಿ, ಉತ್ತರಗಳನ್ನು ಹೇಳಿ ಬರೆಸಿ, ಕೆಲಸಗಳನ್ನು ಒಂದರ ಹಿಂದೊಂದರಂತೆ ಚಕಚಕನೆ ಮುಗಿಸುತ್ತಾನೆ ಎಂದು ಅವರು ಕಂಡಿದ್ದನ್ನು ಬರೆದಿದ್ದಾರೆ. ಆದರೆ ಅಲ್ಲಿನ ವ್ಯವಸ್ಥೆಯನ್ನು ನಡೆಸುತ್ತಿದ್ದದ್ದು ಭಯ. ಇನ್ನೂರು ಮಂದಿ ಚಾಟಿ ಹಿಡಿದು ಸದಾ ಸಿದ್ಧರಾಗಿ ನಿಂತಿರುತ್ತಿದ್ದರು. ಯಾರಿಗಾದರೂ ಏಟು ಬೀಳದ ದಿನವಿರಲಿಲ್ಲ. ಗಣ್ಯನೆಂದಿಲ್ಲ, ಕುದುರೆಯಾಳೆಂದಿಲ್ಲ, ಕಂದಾಯ ವಸೂಲಿಗಾರನೆಂದಿಲ್ಲ, ಸ್ವಂತ ಮಕ್ಕಳೆಂದಿಲ್ಲ, ಎಲ್ಲರಿಗೂ ಒಂದೇ ಚಾಟಿ.

ಒಂದು ಸಂಜೆ ಶ್ವಾರ್ಟ್ಸ್ ದರ್ಬಾರಿಗೆ ಹೋದಾಗ ದೊಡ್ಡ ದೊಡ್ಡ ಮನುಷ್ಯರು ಸಾಲಾಗಿ ಕುಳಿತಿದ್ದರು. ಅವರ ಮುಖಗಳಲ್ಲಿ ಮರಣದಂಡನೆಗೆ ಕಾದವರ ಕಳೆಯಿತ್ತು. ಇವರಾರೆಂದು ವಿಚಾರಿಸಿದಾಗ, ಜಿಲ್ಲೆಗಳ ಕಂದಾಯ ಅಧಿಕಾರಿಗಳು, ಲೆಕ್ಕ ಒಪ್ಪಿಸಲು ಬಂದಿದ್ದಾರೆ ಎಂಬ ಉತ್ತರ ಬಂತು. ತೃಪ್ತಿಕರವಾದ ಲೆಕ್ಕ ಕೊಡಲು ಶಕ್ತರಾದವರು ಕೆಲವೇ ಮಂದಿ. ನಮ್ಮನ್ನು ಹೆಚ್ಚು ಕಾಡಿದ್ದು ಮುಂದಿನ ವಿವರ. ಹೀಗೆ ಬಹಿರಂಗವಾಗಿ ಚಾಟಿಯೇಟು ತಿಂದವರನ್ನು ಹೈದರ್ ಕೆಲಸದಿಂದ ತೆಗೆಯುತ್ತಿರಲಿಲ್ಲ. ಬೆನ್ನಿನ ಮೇಲೆ ಬರೆಗಳನ್ನು ಹೊತ್ತುಕೊಂಡು ಅವರು ಅದೇ ಹುದ್ದೆಗೆ ಮರಳುತ್ತಿದ್ದರು. ಹಣಕ್ಕಾಗಿ ದುಡಿಯುವವರಿಗೆ ಮಾನವೆಂಬುದು ಇರುವುದೇ ಇಲ್ಲ ಎಂದು ಆತ ನಂಬಿದ್ದಂತೆ ಕಾಣುತ್ತದೆ ಎಂದು ಶ್ವಾರ್ಟ್ಸ್ ಊಹಿಸಿದ್ದಾರೆ.

ಶ್ವಾರ್ಟ್ಸ್ ಇಂಗ್ಲಿಷರ ಕಡೆಯಿಂದ ಬಂದವರು, ಅವರ ಮಾತನ್ನು ಪೂರ್ತಿ ನಂಬಬಹುದೇ ಎಂದು ಕೇಳುವವರಿರಬಹುದು. ಹೈದರನ ಗುಣಗಳನ್ನು ಅಷ್ಟು ಉದಾರವಾಗಿ ಬರೆದವರು ಚಾಟಿಯ ಬಗ್ಗೆ ಮಾತ್ರ ಸುಳ್ಳು ಹೇಳಿದರೆನ್ನಲು ನಮಗೆ ಕಾರಣ ಕಾಣುವುದಿಲ್ಲ. ಕೂಫಾದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಉಮರ್(ರ) ಹುದ್ದೆಯನ್ನು ತೆಗೆದು ಮಾನವನ್ನು ಉಳಿಸಿದರು. ಹೈದರ್ ಮಾನವನ್ನು ತೆಗೆದು ಹುದ್ದೆಯನ್ನು ಉಳಿಸಿದನು. ಲೆಕ್ಕ ಬಾರದ ಅಮಲ್ದಾರನೂ ಲೆಕ್ಕ ನುಂಗಿದ ಅಮಲ್ದಾರನೂ ಆ ಚಾಟಿಗೆ ಒಂದೇ. ಬರಗಾಲದಿಂದ ಕಂದಾಯ ಬಾರದಿದ್ದವನೂ ಅದೇ ಸಾಲಿನಲ್ಲಿ ಕುಳಿತಿರಬೇಕಾದುದೇ ತಾನೇ? ಮಾನ ಕಳೆದುಕೊಂಡವನು ಮರಳಿ ಜಿಲ್ಲೆಗೆ ಹೋಗಿ ಯಾರ ಮೇಲೆ ಚಾಟಿ ಎತ್ತುತ್ತಾನೆ ಎಂಬುದನ್ನು ಹೊಲದಲ್ಲಿ ನಿಂತ ರೈತನು ಬಲ್ಲನು. ಇಂದಿನ ಕಚೇರಿಗಳಲ್ಲಿ ಚಾಟಿಯಿಲ್ಲ ನಿಜ. ಎಲ್ಲರೂ ಇರುವ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ನೌಕರನ ತಪ್ಪನ್ನು ಹಾಕಿ ಕೆಳಗೆ ಅವನ ಹೆಸರನ್ನು ನಮೂದಿಸುವ ಮೇಲಧಿಕಾರಿಯ ಕೈಯಲ್ಲಿರುವುದು ಏನು ಎಂಬುದನ್ನು ಅವರವರೇ ಯೋಚಿಸಲಿ.

ಟಿಪ್ಪು ಸುಲ್ತಾನರ ಕಾಲದ ಕಂದಾಯ ನಿಯಮಗಳಲ್ಲಿ ಬೇರೊಂದು ಧಾಟಿಯೂ ಕಾಣಸಿಗುತ್ತದೆ. 1792ರಲ್ಲಿ ಇಂಗ್ಲಿಷಿಗೆ ಅನುವಾದಗೊಂಡು ಪ್ರಕಟವಾದ ಈ ನಿಯಮಗಳು ಅಮಲ್ದಾರನು ಹಳ್ಳಿಗಳಿಗೆ ಖುದ್ದಾಗಿ ಹೋಗಿ ಸಾಗುವಳಿಯನ್ನು ನೋಡಬೇಕೆನ್ನುತ್ತವೆ. ನೇಗಿಲು ಎತ್ತುಗಳಿಲ್ಲದೆ ಭೂಮಿ ಪಾಳುಬಿಟ್ಟ ಬಡ ರೈತನಿಗೆ ತಕಾವಿ, ಅಂದರೆ ಮುಂಗಡ ಸಾಲ ಕೊಡಿಸಬೇಕೆನ್ನುತ್ತವೆ. ಉತ್ತದ್ದು ಕಡಿಮೆಯಾಯಿತೆಂದು ಗದರುವ ಮೊದಲು ಉಳಲು ನೇಗಿಲಿದೆಯೇ ಎಂದು ನೋಡುವ ಕ್ರಮವಿದು. ತಪ್ಪು ಮಾಡಿದ ರೈತನಿಂದ ಹಣದ ದಂಡ ಕೀಳುವ ಬದಲು ಊರ ಮುಂದೆ ಎರಡು ಮಾವಿನ ಗಿಡ, ಎರಡು ಬಾದಾಮಿ ಗಿಡ ನೆಡಿಸಿ, ಅವು ಒಂದಳತೆಗೆ ಬೆಳೆಯುವ ತನಕ ಅವನಿಂದಲೇ ನೀರು ಹಾಕಿಸಬೇಕೆಂಬ ವಿಧಿಯೂ ಅಲ್ಲಿದೆ. ಕಾಗದದ ಮೇಲಿನ ಈ ನಿಯಮವು ಎಷ್ಟು ಊರುಗಳಲ್ಲಿ ಮರವಾಗಿ ನಿಂತಿತೋ, ಅದು ಬೇರೆ ಮಾತು.

ಮೈಸೂರು ಸಂಸ್ಥಾನದ ಮುಂದಿನ ಕಾಲದಿಂದಲೂ ಒಂದು ಉದಾಹರಣೆ ಸಾಕು. ದಿವಾನರಾಗಿದ್ದಾಗ ಸರ್ಕಾರಿ ಕಚೇರಿಗಳ ಕಾರ್ಯದಕ್ಷತೆಯ ತಪಾಸಣೆಯನ್ನು ಆರಂಭಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಶಿಸ್ತಿನ ವಿಷಯದಲ್ಲಿ ಎಷ್ಟು ಬಿಗಿಯೆಂಬುದು ಎಲ್ಲರಿಗೂ ತಿಳಿದದ್ದೇ. ನಮ್ಮ ಜಿಲ್ಲೆಯ ಪಕ್ಕದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ನಷ್ಟದಲ್ಲಿ ಸಿಲುಕಿದಾಗ, 1923ರಲ್ಲಿ ಅದರ ಮಂಡಳಿಯ ಅಧ್ಯಕ್ಷತೆಯನ್ನು ಅವರಿಗೆ ವಹಿಸಲಾಯಿತು. ಮೊದಲನೆಯ ಮಹಾಯುದ್ಧದ ನಂತರ ಕಬ್ಬಿಣದ ಬೆಲೆಯೇ ಬಿದ್ದುಹೋಗಿತ್ತು. ಹೊರದೇಶದ ತಜ್ಞರ ವೆಚ್ಚವು ಏರಿ ಕುಳಿತಿತ್ತು. ಕುಲುಮೆಯ ಮುಂದೆ ಬೆವರುತ್ತಿದ್ದವನ ಸೋಮಾರಿತನದಿಂದ ಆ ನಷ್ಟ ಬಂದದ್ದಲ್ಲ. ವೆಚ್ಚವನ್ನು ತಗ್ಗಿಸಿ, ಸ್ಥಳೀಯರಿಗೆ ತರಬೇತಿ ಕೊಟ್ಟು ತಜ್ಞರ ಜಾಗಗಳಲ್ಲಿ ನಿಲ್ಲಿಸಿ, 1929ರವರೆಗೆ ಅವರು ಅದನ್ನು ನಡೆಸಿದರು. ಆ ಸೇವೆಗೆ ತಮಗೆ ಸಲ್ಲಬೇಕಾದ ಹಣವನ್ನು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸುವಂತೆ ಹೇಳಿದರು. ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆಯ ಮೂಲದಲ್ಲಿ ಆ ಹಣವಿದೆ.

ಸೇವಕರು ನಿಮ್ಮ ಸಹೋದರರು, ಅವರ ಶಕ್ತಿಗೆ ಮೀರಿದ ಹೊರೆಯನ್ನು ಹೊರಿಸಬೇಡಿ, ಹೊರಿಸಿದರೆ ನೀವೂ ಕೈಹಚ್ಚಿ ಎಂಬ ಆಶಯದ ಹದೀಸನ್ನು ನಾವೆಲ್ಲರೂ ಕೇಳಿದ್ದೇವೆ. ಅದನ್ನು ಕರುಣೆಯ ಬೋಧನೆಯೆಂದು ಮಾತ್ರ ಓದುವುದು ರೂಢಿ. ನಮಗೆ ಅದು ವಿಚಾರಣೆಯ ಕ್ರಮದಂತೆಯೂ ತೋರುತ್ತದೆ. ಕೆಲಸ ಕೆಟ್ಟಿತೆಂದರೆ ಮೊದಲು ಹೊರೆಯನ್ನು ಅಳೆಯಬೇಕು, ಆಮೇಲೆ ಹೊತ್ತವನನ್ನು.

ಆ ರಾತ್ರಿಯ ಸಭೆಯು ತೀರ್ಮಾನ ಕೈಗೊಳ್ಳದೆ ಮುಗಿಯಿತು. ಮರುದಿನ ಝುಹರ್ ನಂತರ ಮುತವಲ್ಲಿ ಸಾಹೇಬರು, ಇಬ್ಬರು ಹಿರಿಯರು, ದೂರು ಹೇಳಿದವರು ಎಲ್ಲರೂ ಇಮಾಮರನ್ನು ಕೂರಿಸಿಕೊಂಡು ಮಾತನಾಡಿದರು. ನಾವೂ ಇದ್ದೆವು. ಮೊದಲ ಪ್ರಶ್ನೆಯನ್ನು ಮುತವಲ್ಲಿ ಸಾಹೇಬರು ಮೆತ್ತಗೆ ಕೇಳಿದರು: "ಹಜ್ರತ್, ನಿಮಗೆ ಇಲ್ಲಿ ಏನು ಕಷ್ಟವಿದೆ?" ಇಮಾಮರು ಬಹಳ ಹೊತ್ತು ಚಾಪೆಯ ಅಂಚನ್ನೇ ನೋಡುತ್ತಿದ್ದರು.

ಒಂದೊಂದಾಗಿ ಸಂಗತಿಗಳು ಹೊರಬಂದವು. ನಲವತ್ತಕ್ಕೂ ಹೆಚ್ಚು ಮಕ್ಕಳು, ಒಂದೇ ಕೋಣೆ. ಅಕ್ಷರ ಕಲಿಯುವವರೂ ಓದಿ ಮುಗಿಸುವ ಹಂತದಲ್ಲಿರುವವರೂ ಒಟ್ಟಿಗೆ. ಬೆಳಿಗ್ಗೆ ಶಾಲೆಯ ಬಸ್ಸು ಬರುವ ಮೊದಲು ಸಿಗುವುದು ಒಂದೇ ಗಂಟೆ. ಸಂಬಳವು ನಾಲ್ಕು ತಿಂಗಳಿನಿಂದ ಬಂದಿರಲಿಲ್ಲ. ಇಮಾಮರ ಸಂಭಾವನೆಯ ಹೊಣೆಯು ವಕ್ಫ್ ಮಂಡಳಿಗಳ ಮೇಲಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿಯೇ ಹೇಳಿದ್ದರೂ, ಹಳ್ಳಿಯ ಮಸೀದಿಗಳಲ್ಲಿ ಅದು ಇಂದಿಗೂ ಮನೆಮನೆಯ ಚಂದಾದ ಮೇಲೆ ನಿಂತಿದೆ. ಚಂದಾ ಬಾಕಿ ಇಟ್ಟವರಲ್ಲಿ ದೂರುದಾರರೂ ಇದ್ದರು. ಊರಿನಲ್ಲಿ ಹೆಂಡತಿ ಮಕ್ಕಳಿಗೆ ಹಣ ಕಳುಹಿಸಲು ಇಮಾಮರು ರಾತ್ರಿ ಹೊತ್ತು ಒಂದು ಕೊಬ್ಬರಿ ಕಣದಲ್ಲಿ ಕೂಲಿಗೆ ಹೋಗುತ್ತಿದ್ದರು. ಫಜ್ರಿಗೆ ಎಚ್ಚರವಾಗದಿದ್ದುದು ಆ ಕಾರಣಕ್ಕೆ. ಚಂದಾ ಪೆಟ್ಟಿಗೆಯ ಕೀಲಿಯಾದರೋ ಒಂದು ದಿನವೂ ಅವರ ಕೈಯಲ್ಲಿರಲಿಲ್ಲ. ಅದು ಖಜಾಂಚಿಯ ಬಳಿಯಿತ್ತು, ಲೆಕ್ಕವೂ ಸರಿಯಾಗಿತ್ತು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಆದರೆ ಇಮಾಮರು ಇನ್ನೊಂದು ಮಾತನ್ನೂ ಹೇಳಿದರು. ಚಿಕ್ಕ ಮಕ್ಕಳಿಗೆ ಕಲಿಸುವುದು ತಮಗೆ ಒಗ್ಗುತ್ತಿಲ್ಲ, ತಾಳ್ಮೆ ಸಾಲದು, ಎಷ್ಟೋ ದಿನ ಓದಿಸದೆಯೇ ಕಳುಹಿಸಿಬಿಟ್ಟಿದ್ದೇನೆ ಎಂದರು. ಅಂದರೆ ದೂರಿನಲ್ಲಿ ನಿಜವೂ ಇತ್ತು.

ಬಾಕಿ ಸಂಬಳವನ್ನು ಆ ವಾರವೇ ಒಟ್ಟುಮಾಡಿ ಕೊಡಲಾಯಿತು. ರಾತ್ರಿಯ ಕೂಲಿ ನಿಂತಿತು. ಮಕ್ಕಳನ್ನು ಎರಡು ಗುಂಪು ಮಾಡಿ, ಚಿಕ್ಕವರನ್ನು ಊರಿನಲ್ಲಿಯೇ ಓದಿಕೊಂಡಿದ್ದ ಒಬ್ಬ ಹೆಣ್ಣುಮಗಳಿಗೆ ಒಪ್ಪಿಸಿದರು. ಇಮಾಮರಿಗೆ ಆರು ತಿಂಗಳ ಕಾಲಾವಕಾಶ ಕೊಟ್ಟು, ದೊಡ್ಡ ಮಕ್ಕಳು ಎಲ್ಲಿಯವರೆಗೆ ಓದಿರಬೇಕೆಂಬುದನ್ನು ಅವರೊಂದಿಗೇ ಕುಳಿತು ಗೊತ್ತುಮಾಡಿ ಬರೆದಿಟ್ಟುಕೊಂಡರು. ಫಜ್ರ್ ವೇಳೆಗೆ ಸರಿಯಾಗಿ ನಡೆಯತೊಡಗಿತು. ಆ ವರ್ಷದ ರಮಝಾನಿನಲ್ಲಿ ಅವರ ತರಾವೀಹ್ ಪಾರಾಯಣವನ್ನು ಕೇಳಲು ಪಕ್ಕದ ಊರಿನವರೂ ಬಂದರಂತೆ. ಪಾಠ ಮಾತ್ರ ಸುಧಾರಿಸಲಿಲ್ಲ. ಅವಧಿ ಮುಗಿದ ಮೇಲೆ ಎರಡೂ ಕಡೆಯವರು ಕುಳಿತು ಒಪ್ಪಿಯೇ ಬಿಡುವುದೆಂದು ತೀರ್ಮಾನಿಸಿದರು. ಮೂರು ತಿಂಗಳ ಸಂಬಳವನ್ನ ಮುಂಗಡವಾಗಿ ಕೊಟ್ಟರು.

ಮುತವಲ್ಲಿ ಸಾಹೇಬರು ಅವರಿಗೆ ಕೊಟ್ಟ ಪತ್ರದ ಚಿತ್ರವನ್ನು ಮುಂದೆ ನಮಗೆ ಫೋನಿನಲ್ಲಿ ಕಳುಹಿಸಿದರು. ನೋಟು ಪುಸ್ತಕದ ಹಾಳೆಯ ಮೇಲೆ ಕೈಬರಹ. ಇವರು ಇಲ್ಲಿಂದ ಹೋಗುತ್ತಿರುವುದು ಮದ್ರಸದ ಚಿಕ್ಕ ಮಕ್ಕಳ ಪಾಠವು ಇವರಿಗೆ ಹೊಂದದ ಕಾರಣಕ್ಕೆ ಮಾತ್ರ. ಹಣದ ವಿಷಯದಲ್ಲಾಗಲಿ ನಡತೆಯ ವಿಷಯದಲ್ಲಾಗಲಿ ಇವರ ಮೇಲೆ ನಮಗೆ ಯಾವ ಸಂಶಯವೂ ಇಲ್ಲ. ಇವರ ಪಾರಾಯಣವು ಬಹಳ ಚೆನ್ನಾಗಿದೆ ಎಂದು ಅದರಲ್ಲಿತ್ತು. ಮದ್ರಸವಿಲ್ಲದ ಬೇರೊಂದು ಊರಿನ ಮಸೀದಿಯವರು ಆ ಪತ್ರ ನೋಡಿ ಅವರನ್ನು ಇಟ್ಟುಕೊಂಡಿದ್ದಾರೆ. ಪತ್ರದ ಕೆಳಗೆ ಐದು ಸಹಿಗಳಿದ್ದವು. ಐದನೆಯದು, ಅಂದು ಹಿಂದಿನ ಸಾಲಿನಿಂದ ಚಂದಾ ಪೆಟ್ಟಿಗೆಯ ಮಾತೆತ್ತಿದ್ದ ಯುವಕನದು.